ಕದವಿಲ್ಲದ ಓದುಮನೆ

ನಮ್ಮ ಊರಿಗೆ ಯಾರೇ ಹೊಸಬರು ಬರಲಿ, ಮೊದಲು ಅವರನ್ನು ಕರೆದುಕೊಂಡು ಹೋಗಿ ಆ ಬಾಗಿಲು ತೋರಿಸುತ್ತೇವೆ. ಬಾಗಿಲು ಅಂದೆನಲ್ಲ, ಕದ ಹುಡುಕಬೇಡಿ. ಕದ ಇಲ್ಲ. ಎರಡು ಕಲ್ಲಿನ ಕಂಬ, ಮೇಲೊಂದು ಕಲ್ಲಿನ ತೊಲೆ, ಕೆಳಗೆ ಸವೆದ ಹೊಸ್ತಿಲು, ನಡುವೆ ಬರೀ ಗಾಳಿ. ಅದರ ಮುಂದೆ ನಿಂತು ನಮ್ಮೂರಿನ ಪ್ರತಿಯೊಬ್ಬರೂ ಹೇಳುವ ಮಾತು ಒಂದೇ: ‘ಆ ಮೂರು ದಿನ ನಮ್ಮಜ್ಜ ಆ ಹುಡುಗಿಯ ಕಡೆಗೇ ನಿಂತಿದ್ದ.’ ಇವರೆಲ್ಲರ ಅಜ್ಜಂದಿರೂ ಅವಳ ಕಡೆಗಿದ್ದಿದ್ದರೆ ಅವಳನ್ನು ತಡೆಯುವುದಕ್ಕೆ ಊರಿನಲ್ಲಿ ಒಂದು ನರಪಿಳ್ಳೆಯೂ ಉಳಿಯುತ್ತಿರಲಿಲ್ಲ. ನಮ್ಮಜ್ಜನ ವಿಷಯ ಮಾತ್ರ ನಾನು ಮುಚ್ಚಿಡುವುದಿಲ್ಲ. ಅವನು ಸಾಲಿನಲ್ಲಿ ಅವಳ ಹಿಂದೆ ಮೂರನೆಯವನಾಗಿ ನಿಂತು ಗೊಣಗುತ್ತಿದ್ದ. ಇದನ್ನು ಅವನೇ ನನಗೆ ಹೇಳಿದ್ದು.

ಆ ಕಟ್ಟಡದ ಹೆಸರು ದಫ್ತರದಲ್ಲಿ ವಿಶ್ವವಿದ್ಯಾಲಯ, ನಮ್ಮ ಬಾಯಲ್ಲಿ ಓದುಮನೆ. ಕಟ್ಟಿಸಿದ ಹಿರಿಯರು ದೊಡ್ಡ ಮನಸ್ಸಿನವರು. ವಿದ್ಯೆಗೆ ಕದ ಇರಬಾರದು ಅಂದರು, ಕದ ಇಡಿಸಲಿಲ್ಲ. ತೊಲೆಯ ಮೇಲೆ ಒಂದು ಸಾಲು ಕೆತ್ತಿಸಿದರು, ಹೂವು ಏರಿಸಿದರು, ಬೆಲ್ಲ ಹಂಚಿದರು. ಮಾರನೆಯ ದಿನವೇ ಪೇಚಿಗೆ ಸಿಕ್ಕಿಕೊಂಡರು. ಕದ ಇಲ್ಲದಿದ್ದರೆ ಯಾರು ಬೇಕಾದರೂ ಒಳಗೆ ಬಂದುಬಿಡಬಹುದಲ್ಲ. ಯಾರು ಬೇಕಾದರೂ ಅಂದರೆ ಯಾರು ಅಂತ ಬಿಡಿಸಿ ಹೇಳುವ ಅಭ್ಯಾಸ ನಮ್ಮ ಊರಿಗಿಲ್ಲ. ಕಾಲುವೆಯ ಕಡೆಗೆ ಗಲ್ಲ ತಿರುಗಿಸಿ ತೋರಿಸುತ್ತಿದ್ದರು, ಅಷ್ಟೇ. ಕಾಲುವೆಯ ಆಚೆ ಇಟ್ಟಿಗೆ ಮಾಡುವವರ ಕೇರಿ ಇತ್ತು. ಓದುಮನೆಯ ಇಟ್ಟಿಗೆಗಳನ್ನೆಲ್ಲ ತಟ್ಟಿ, ಸುಟ್ಟು, ಹೊತ್ತು ತಂದವರು ಅವರೇ.

ಹಿರಿಯರ ಮಾತು ಮುರಿಯುವ ಹಾಗಿಲ್ಲ, ಆಚೆಯವರು ಒಳಗೆ ಬರುವ ಹಾಗೂ ಇಲ್ಲ. ಊರಿನ ಬುದ್ಧಿವಂತರು ಏಳು ದಿನ ಕೂತು ಒಂದು ದಾರಿ ಕಂಡುಹಿಡಿದರು. ಕದ ಬೇಡ, ಕದದ ಹಾಗೆ ಒಬ್ಬ ಮನುಷ್ಯ ನಿಂತರೆ ಸಾಕು. ಹಾಗೆ ಹುಟ್ಟಿಕೊಂಡದ್ದು ಬಾಗಿಲಯ್ಯನ ಹುದ್ದೆ. ಅಪ್ಪನಾದ ಮೇಲೆ ಮಗ, ಮಗನಾದ ಮೇಲೆ ಮೊಮ್ಮಗ. ಬಾಗಿಲಯ್ಯ ಬೆಳಗಿನ ಗಂಟೆಗೆ ಹೊಸ್ತಿಲ ಮೇಲೆ ಹತ್ತಬೇಕು, ಸಂಜೆಯ ಗಂಟೆಗೆ ಇಳಿಯಬೇಕು. ಕತ್ತಲಾದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಆ ಹೊತ್ತಿನಲ್ಲಿ ವಿದ್ಯೆ ಬೇಕು ಅಂತ ಯಾರೂ ಬರುವುದಿಲ್ಲ ಅಂತ ಬುದ್ಧಿವಂತರಿಗೆ ಗೊತ್ತಿತ್ತು.

ಊರಿನವರು ಬಂದರೆ ಬಾಗಿಲಯ್ಯ ಅಡ್ಡಕ್ಕೆ ತಿರುಗಿ ದಾರಿ ಬಿಡುವನು. ಆಚೆಯವರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದರೂ ಅಡ್ಡಕ್ಕೆ ತಿರುಗಿ ದಾರಿ ಬಿಡುವನು, ಯಾಕೆಂದರೆ ಒಳಗೆ ಗುಡಿಸುವವರು ಬೇಕು, ಗೋಡೆಗೆ ಸುಣ್ಣ ಹೊಡೆಯುವವರು ಬೇಕು. ಆಚೆಯವರು ಕೈಯಲ್ಲಿ ಪುಸ್ತಕ ಹಿಡಿದು ಬಂದರೆ ಮಾತ್ರ ಎದುರಾಗಿ ನಿಂತು, ಎರಡು ತೋಳೂ ಚಾಚಿ, ಎರಡು ಕಂಬ ಮುಟ್ಟುವನು. ಬುಟ್ಟಿ ಹೊತ್ತು ಬಂದರೆ ಬಾಗಿಲು, ಪುಸ್ತಕ ಹಿಡಿದು ಬಂದರೆ ಗೋಡೆ. ಯಾರಾದರೂ ಕೇಳಿದರೆ ಊರಿನವರು ಹೇಳುತ್ತಿದ್ದರು: ‘ನಾವೇನು ಯಾರಿಗೂ ಬರಬೇಡಿ ಅಂದಿಲ್ಲವಲ್ಲ. ಬಾಗಿಲು ಮುಚ್ಚಿತ್ತು, ಅಷ್ಟೇ.’

ಹಬ್ಬ ಬಂದರೆ ಬೇರೆ ಬಾಗಿಲುಗಳಿಗೆ ಮಾಡುವುದನ್ನೆಲ್ಲ ಅವನಿಗೂ ಮಾಡುತ್ತಿದ್ದರು. ಹಣೆಗೆ ಕುಂಕುಮ, ಅಂಗೈಗೆ ಅರಿಸಿನ, ಚಾಚಿದ ತೋಳುಗಳಿಗೆ ಮಾವಿನ ಎಲೆಯ ತೋರಣ. ತಿಂಗಳ ಮೊದಲ ದಿನ ಭುಜಕ್ಕೂ ಮೊಣಕಾಲಿಗೂ ಹರಳೆಣ್ಣೆ, ಕೀಲು ಕಿರುಗುಟ್ಟಬಾರದಲ್ಲ. ಹೊಸ್ತಿಲ ಮೇಲಿದ್ದಾಗ ಅವನು ಮಾತಾಡುವ ಹಾಗಿರಲಿಲ್ಲ. ಬಾಗಿಲು ಎಲ್ಲಾದರೂ ಮಾತಾಡುತ್ತದೆಯೇ? ಒಳಗೆ ಕಾಲಿಡುವ ಹಾಗೂ ಇರಲಿಲ್ಲ. ಇನ್ನೊಂದು ಕಟ್ಟಳೆ ಏನೆಂದರೆ, ಪುಸ್ತಕ ಹಿಡಿದ ಆಚೆಯವರು ಎದುರಿಗೆ ನಿಂತಿರುವಷ್ಟು ಹೊತ್ತೂ ಅವನು ತೋಳು ಇಳಿಸಬಾರದು. ಇದರಿಂದ ಅವನಿಗೆ ಅಂಥ ಕಷ್ಟವೇನೂ ಆಗಿರಲಿಲ್ಲ. ಹತ್ತಾರು ವರ್ಷಕ್ಕೊಮ್ಮೆ ಯಾರೋ ಒಬ್ಬರು ಬರುತ್ತಿದ್ದರು, ಚಾಚಿದ ತೋಳು ನೋಡಿ ತಲೆ ತಗ್ಗಿಸಿ ಹಿಂದಿರುಗುತ್ತಿದ್ದರು.

ಇಟ್ಟಿಗೆಯವಳ ಮಗಳು ಏಳು ವರ್ಷದವಳಿದ್ದಾಗಿನಿಂದ ಸುಣ್ಣದ ಬುಟ್ಟಿ ಹೊತ್ತು ಆ ಬಾಗಿಲಲ್ಲಿ ಓಡಾಡಿದವಳು. ಸುಣ್ಣ ಹೊಡೆಯುವವರು ಗೋಡೆಯ ಕಡೆಗೆ ಮುಖ ಮಾಡಿರುತ್ತಾರೆ, ಬೆನ್ನ ಹಿಂದೆ ಪಾಠ ನಡೆಯುತ್ತಿರುತ್ತದೆ. ಬೆನ್ನಿಗೆ ಕಿವಿ ಇಲ್ಲ ಅಂತ ಗುರುಗಳು ತಿಳಿದಿದ್ದರು. ಅವಳು ಬೆನ್ನಿನಿಂದಲೇ ಕಾಗುಣಿತ ಕಲಿತಳು, ಮನೆಗೆ ಹೋಗಿ ಹಸಿ ಇಟ್ಟಿಗೆಯ ಮೇಲೆ ಕಡ್ಡಿಯಿಂದ ಗೀಚಿದಳು. ಒಂದು ದಿನ ಕಸದಲ್ಲಿ ಹಾಳೆ ಕಿತ್ತುಹೋದ ಪುಸ್ತಕ ಸಿಕ್ಕಿತು. ಅದನ್ನು ಬುಟ್ಟಿಯಲ್ಲಿ ತಂದು ದಾರ ಹಾಕಿ ಹೊಲಿದಳು, ಹೊಲಿದದ್ದನ್ನು ಓದಿದಳು, ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಅವಳಿಗೆ ಹೊಟ್ಟೆ ತುಂಬ ಆಸೆ ಹುಟ್ಟಿತು. ಬೆನ್ನು ತಿರುಗಿಸಿ ಸಾಕಾಗಿದೆ, ಒಂದು ಸಲ ಪಾಠದ ಕಡೆಗೆ ಮುಖ ಮಾಡಿ ಕೂರಬೇಕು ಅನ್ನಿಸಿತು.

ಹಾಗೆ ಕೂರಬೇಕಾದರೆ ದಫ್ತರದಲ್ಲಿ ಹೆಸರು ಇರಬೇಕು. ವರ್ಷಕ್ಕೆ ಮೂರು ದಿನ ಮಾತ್ರ ಹೆಸರು ಬರೆಸುವ ದಿನಗಳು. ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋದರೆ ದಫ್ತರದವರು ಕೂತಿರುತ್ತಿದ್ದರು. ಅವರಿಗೆ ಒಂದು ಮೊಳದ ಆಚೆಗೆ ಏನೂ ಕಾಣುತ್ತಿರಲಿಲ್ಲ. ಎದುರಿಗೆ ಬಂದವರು ಯಾರು, ಯಾವ ಕಡೆಯವರು ಅಂತ ಕೇಳುವ ಗೋಜಿಗೂ ಅವರು ಹೋಗುತ್ತಿರಲಿಲ್ಲ. ಕೇಳುವ ಕೆಲಸವೆಲ್ಲ ಬಾಗಿಲಿನಲ್ಲೇ ಮುಗಿದಿರುತ್ತಿತ್ತಲ್ಲ. ಹೆಸರು ಹೇಳಿದರೆ ಬರೆಯುತ್ತಿದ್ದರು. ಆದರೆ ಬಿಗಿಯಾದ ನಿಯಮ ಒಂದಿತ್ತು. ಹೆಸರು ಬರೆಸಲು ಬಂದವರು ಮೂರನೆಯ ದಿನದ ಸಂಜೆಯ ಗಂಟೆಯೊಳಗೆ ಬರೆಸದೆ ಹಿಂದಿರುಗಿದರೆ, ಜೀವಮಾನದಲ್ಲಿ ಮತ್ತೆ ಬರುವ ಹಾಗಿರಲಿಲ್ಲ.

ಅವ್ವ ಮಗಳ ತಲೆ ಬಾಚುತ್ತಾ ಉಪಾಯ ಹೇಳಿಕೊಟ್ಟಳು. “ಪುಸ್ತಕಾನ ಬುಟ್ಟಿ ತಳಕ್ಕೆ ಹಾಕು, ಮೇಲೆ ಸುಣ್ಣ ಹರಡು. ಅಯ್ಯ ಅಡ್ಡಕ್ಕೆ ತಿರುಗ್ತಾನೆ. ನೀನು ಒಳಗೋಗಿ ಹೆಸರು ಬರೆಸ್ಕೊಂಡು ಬಾ. ಯಾರಿಗೆ ಗೊತ್ತಾಯ್ತದೆ?”

“ಆಮೇಲೆ ದಿನಾ ಬುಟ್ಟಿ ಹೊತ್ಕೊಂಡೇ ಪಾಠಕ್ಕೆ ಹೋಗಬೇಕಾಯ್ತದಲ್ಲವ್ವ. ಬುಟ್ಟಿ ಇಳಿಸಿದ ದಿನ ಆಚೆಗೆ ಕಳಿಸ್ತಾರೆ.”

ಅವ್ವ ಒಂದು ಸಿಕ್ಕು ಬಿಡಿಸಿದಳು. “ಒಂದೇ ಸಲ ಕಣೆ ಸಿಕ್ಕೋದು. ತಪ್ಪಿದ್ರೆ ಹೋಯ್ತು.”

“ಗೊತ್ತು.”

“ನಿನ್ನ ಹಟ ನಿನಗೆ. ಸುಣ್ಣ ಮೆತ್ತಿರೋ ಸೀರೆ ಬೇಡ. ಒಗೆದಿಟ್ಟಿರೋದು ಉಟ್ಕೊಂಡು ಹೋಗು.”

ಮೊದಲ ದಿನ ಅವಳು ಒಗೆದ ಸೀರೆ ಉಟ್ಟು, ಪುಸ್ತಕ ಎದೆಗೆ ಹಿಡಿದು, ಎಲ್ಲರ ಹಾಗೆ ಸಾಲಿನಲ್ಲಿ ನಿಂತಳು. ಮುಂದಿನ ಹನ್ನೊಂದು ಜನ ಒಳಗೆ ಹೋದರು. ಹನ್ನೆರಡನೆಯವಳು ಬಂದಾಗ ಬಾಗಿಲಯ್ಯ ಎದುರಾಗಿ ನಿಂತ, ತೋಳು ಚಾಚಿದ, ಕಂಬ ಮುಟ್ಟಿದ. ಅವಳು ತಲೆ ತಗ್ಗಿಸಲಿಲ್ಲ, ಹಿಂದಿರುಗಲೂ ಇಲ್ಲ. ಬಾಗಿಲು ತೆರೆಯಲಿ ಅಂತ ಕಾಯುವವರ ಹಾಗೆ ನಿಂತಳು. ಅವಳ ಹಿಂದೆ ಸಾಲು ಬೆಳೆಯಿತು, ಬೆಳೆದು ಕಾಲುವೆಯ ತನಕ ಹೋಯಿತು. ಸಾಲು ಮುರಿಯದಿರುವುದು ನಮ್ಮ ಊರಿನ ದೊಡ್ಡ ಹೆಮ್ಮೆ. ಬೇರೆ ಊರಿನವರು ನುಗ್ಗುತ್ತಾರೆ, ನಾವು ನುಗ್ಗುವುದಿಲ್ಲ.

“ಏನಮ್ಮ, ಒಂಚೂರು ಪಕ್ಕಕ್ಕೆ ನಿಂತ್ಕೊಂಡ್ರೆ ನಾವು ಹೋಗ್ತಿದ್ವಿ” ಅಂದ ಹಿಂದಿನವನು.

“ನನ್ನ ಸರದಿ ಮುಗೀಲಿ ಅಣ್ಣ. ಸಾಲು ಮುರೀಬಾರದಲ್ವಾ?” ಅಂದಳು ಅವಳು.

ಕೆಲವರು ಪಕ್ಕದಲ್ಲೇ ಇನ್ನೊಂದು ಸಾಲು ಮಾಡಿದರು. ಅದರ ತುದಿಯೂ ಅದೇ ಬಾಗಿಲಿಗೆ ಬಂತು, ಬಾಗಿಲು ಮುಚ್ಚಿತ್ತು. ಒಬ್ಬಳಿಗೆ ಮುಚ್ಚಿದ ಬಾಗಿಲು ಉಳಿದವರಿಗೆ ತೆರೆದಿರುವುದು ಹೇಗೆ ಅಂತ ಬುದ್ಧಿವಂತರು ಆ ದಿನ ಮೊದಲ ಸಲ ತಲೆ ಕೆಡಿಸಿಕೊಂಡರು. ಬಿಸಿಲು ಏರಿತು, ಇಳಿಯಿತು. ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಬಾಗಿಲಯ್ಯನ ತೋಳುಗಳು ಮರಗಟ್ಟಿ ಹೋಗಿದ್ದವು. ಹೊಸ್ತಿಲಿಂದ ಇಳಿದರೂ ಅವು ಕೆಳಗೆ ಬರಲಿಲ್ಲ. ಹಾಗೇ ಚಾಚಿಕೊಂಡು ಮನೆಗೆ ಹೊರಟ.

ಅವನ ಮನೆ ಕಾಲುವೆಯ ಈಚೆ ದಡದಲ್ಲಿ, ಅವಳದು ಆಚೆ ದಡದಲ್ಲಿ. ಸೇತುವೆಯವರೆಗೆ ಇಬ್ಬರಿಗೂ ಒಂದೇ ದಾರಿ. ಹೊಸ್ತಿಲ ಮೇಲಿಲ್ಲದಾಗ ಅವನು ಮಾತಾಡಬಹುದಿತ್ತು.

“ನಾಳೆ ಬರಬೇಡ ಕಣವ್ವ” ಅಂದ. “ನನ್ನ ರಟ್ಟೆ ಬಿದ್ದೋಗ್ತವೆ.”

“ಬರ್ತೀನಿ ಅಯ್ಯ. ನೀವು ಎಣ್ಣೆ ಹಚ್ಕೊಂಡು ಬನ್ನಿ.”

“ತಿಂಗಳ ಮೊದಲನೇ ದಿನ ಮಾತ್ರ ಎಣ್ಣೆ ಕೊಡೋದು.”

“ಹಂಗಾದ್ರೆ ನಮ್ಮ ಮನೇದು ಕೊಡ್ತೀನಿ, ತಾಳಿ.” ಓಡಿಹೋಗಿ ಒಂದು ಕುಡಿಕೆ ಹರಳೆಣ್ಣೆ ತಂದುಕೊಟ್ಟಳು. ಅವನು ಅದನ್ನು ಇಸಿದುಕೊಳ್ಳಲು ಹೋದ, ತೋಳು ಮಡಿಸಲಾಗಲಿಲ್ಲ. ಅವಳೇ ಅವನ ಸೊಂಟದ ಬಟ್ಟೆಗೆ ಸಿಕ್ಕಿಸಿ ಕಳಿಸಿದಳು.

ಎರಡನೆಯ ದಿನ ಅವಳು ಎಲ್ಲರಿಗಿಂತ ಮೊದಲು ಬಂದಳು. ಬಾಗಿಲಯ್ಯ ಹೊಸ್ತಿಲು ಹತ್ತಿದ, ತೋಳು ಚಾಚಿದ, ಕಂಬ ಮುಟ್ಟಿದ. ಬುದ್ಧಿವಂತರು ಆಗಲೇ ಸಭೆ ಸೇರಿ ಒಂದು ನಿರ್ಧಾರಕ್ಕೆ ಬಂದಿದ್ದರು: ಕಿಟಕಿಗಳಿಗೆ ಸಂಬಂಧಪಟ್ಟಂತೆ ಹಿರಿಯರು ಏನೂ ಹೇಳಿಲ್ಲ. ಕಿಟಕಿಗಳು ಎತ್ತರದಲ್ಲಿದ್ದವು. ಏಣಿ, ಹಗ್ಗ, ಬುಟ್ಟಿ ಬೇಕು. ಅವು ಇದ್ದದ್ದು ಕಾಲುವೆಯ ಆಚೆ. ಹಾಗಾಗಿ ಇಟ್ಟಿಗೆ ಕೇರಿಯವರನ್ನೇ ಕರೆಸಿದರು. ಊರಿನ ಮಕ್ಕಳು ಒಬ್ಬೊಬ್ಬರಾಗಿ ಏಣಿ ಹತ್ತಿ ಕಿಟಕಿಯಿಂದ ವಿದ್ಯೆಯ ಒಳಗೆ ಧುಮುಕಿದರು. ನಮ್ಮಜ್ಜನ ಪಂಚೆ ಕಿಟಕಿಯ ಮೊಳೆಗೆ ಸಿಕ್ಕಿ ಹರಿಯಿತು.

ದೊಡ್ಡ ಗುರುಗಳಿಗೆ ವಯಸ್ಸಾಗಿತ್ತು, ಶರೀರವೂ ತುಸು ಭಾರ, ಏಣಿ ಹತ್ತಲಾರರು. ಅವರನ್ನು ಸುಣ್ಣದ ಬುಟ್ಟಿಯಲ್ಲಿ ಕೂರಿಸಿ ಹಗ್ಗ ಹಾಕಿ ಎಳೆದರು. ಹಗ್ಗದ ತುದಿ ಹಿಡಿದವಳು ಆ ಹುಡುಗಿಯ ಅವ್ವ.

“ಮೆಲ್ಲಗೆ ತಾಯಿ, ಮೆಲ್ಲಗೆ” ಅಂದರು ಗುರುಗಳು ನಡುಗಾಳಿಯಲ್ಲಿ.

“ಅಳ್ಳಾಡಬೇಡಿ ಗುರುಗಳೇ. ಇಷ್ಟು ವರ್ಷ ಎಳೆದಿದೀನಿ, ಸುಣ್ಣ ಯಾವತ್ತೂ ಹಿಂಗೆ ಕುಣಿದಿಲ್ಲ” ಅಂದಳು ಅವ್ವ.

ಮಧ್ಯಾಹ್ನದ ಹೊತ್ತಿಗೆ ಊರಿನವರಿಗೆ ಕಿಟಕಿ ಅಭ್ಯಾಸವಾಗಿ ಹೋಯಿತು. ಸಾಲು ಅಲ್ಲಿಗೇ ಸರಿಯಿತು. ಒಳಗೆ ದಫ್ತರದವರು ಹೆಸರು ಬರೆಯುತ್ತಿದ್ದದ್ದು ಹೊರಗೆ ಕೇಳಿಸುತ್ತಿತ್ತು. ಬಾಗಿಲ ಮುಂದೆ ಉಳಿದವರು ಇಬ್ಬರೇ, ತೋಳು ಚಾಚಿದ ಅಯ್ಯ ಮತ್ತು ಪುಸ್ತಕ ಹಿಡಿದ ಹುಡುಗಿ. ಯಾರಿಗೂ ಅವಳಿಂದ ಈಗ ತೊಂದರೆ ಇರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ನಿನ್ನೆ ಅಷ್ಟು ಜನ ಗೊಣಗಿದಾಗ ಬಾರದ ಅಳು ಅವಳಿಗೆ ಇವತ್ತು ಬಂತು. ಗಟ್ಟಿಯಾಗಿ ಅಳಲಿಲ್ಲ, ನಿಂತಲ್ಲೇ ನಿಂತು ಅತ್ತಳು. ಬಾಗಿಲಯ್ಯ ಅದನ್ನು ಅಷ್ಟು ಹತ್ತಿರದಿಂದ ನೋಡಿದ. ಮುಖ ತಿರುಗಿಸಲು ಅವನಿಗೆ ಅಪ್ಪಣೆ ಇರಲಿಲ್ಲ.

ಸಂಜೆ ಸೇತುವೆಯ ದಾರಿಯಲ್ಲಿ ಅವನೇ ಮಾತು ತೆಗೆದ. “ಅಲ್ಲ ಕಣವ್ವ, ಒಳಗೆ ಅಂಥದ್ದೇನೈತೆ?”

“ನೀವು ನೋಡಿಲ್ವಾ ಅಯ್ಯ?”

“ಬಾಗಿಲು ಒಳಗೆಲ್ಲಿ ಹೋಯ್ತದೆ? ನಮ್ಮಪ್ಪನೂ ನೋಡಿಲ್ಲ, ಅವರಪ್ಪನೂ ನೋಡಿಲ್ಲ.”

“ಒಳಗೆ ಗೋಡೆ ಅದೆ” ಅಂದಳು ಅವಳು. “ಸುಣ್ಣ ಉದುರಿದ ಕಡೆ ಇಟ್ಟಿಗೆ ಕಾಣ್ತವೆ. ಒಂದೊಂದು ಇಟ್ಟಿಗೆ ಮೇಲೂ ತಟ್ಟಿದೋರ ಹೆಬ್ಬೆಟ್ಟಿನ ಗುರುತು. ನಮ್ಮಜ್ಜೀದು, ಅವರಕ್ಕಂದು, ಅವರತ್ತೇದು. ಇಷ್ಟೊಂದು ಹೆಬ್ಬೆಟ್ಟು ಒತ್ತಿದ ಮನೇಲಿ ಒಂದು ಹೆಸರು ಇಲ್ಲ ಅಯ್ಯ. ಒಂದಾದ್ರೂ ಇರಲಿ ಅಂತ.”

ಅವನು ಸೇತುವೆಯ ತನಕ ನಡೆದ. ಆಮೇಲೆ, ಏನೋ ನಾಚಿಕೆಯ ವಿಷಯ ಕೇಳುವವನ ಹಾಗೆ ಕೇಳಿದ. “ನಿನಗೆ ಓದಕ್ಕೆ ಬತ್ತದಲ್ಲ. ನನ್ನ ತಲೆ ಮೇಲೆ, ತೊಲೇಲಿ, ಏನು ಬರೆದವ್ರೆ? ನಮ್ಮ ಮನೆತನದ ಹೆಸರು ಅಂತ ನಮ್ಮಪ್ಪ ಹೇಳ್ತಿದ್ದ.”

ಅವಳು ನಿಂತುಬಿಟ್ಟಳು. “ನಾನು ಹೇಳಿದ್ರೆ ಒಳಗೆ ಹೋಗೋ ಆಸೆಗೆ ಸುಳ್ಳು ಹೇಳ್ತಾಳೆ ಅಂದ್ಕೋತೀರ. ಓದಿದೋರನ್ನ ಕೇಳಿ ಅಯ್ಯ. ಅಷ್ಟೊಂದು ಜನ ಅವ್ರಲ್ಲ.”

ಮೂರನೆಯ ದಿನ ಬಂತು. ಬಾಗಿಲಯ್ಯ ಹೊಸ್ತಿಲು ಹತ್ತಿದ, ತೋಳು ಚಾಚಿದ, ಕಂಬ ಮುಟ್ಟಿದ. ಅವಳು ಎದುರಿಗೆ ನಿಂತಳು. ಬುದ್ಧಿವಂತರಿಗೆ ಕಿಟಕಿ ಹತ್ತಿ ಸೊಂಟ ಹಿಡಿದಿತ್ತು. ಈ ಹುಡುಗಿ ಹೋದರೆ ನಾಳೆ ಇನ್ನೊಬ್ಬಳು ಬರುತ್ತಾಳೆ, ಎಷ್ಟು ವರ್ಷ ಬುಟ್ಟಿಯಲ್ಲಿ ತೂಗಾಡುವುದು ಅಂತ ಬಡಗಿಯನ್ನು ಕರೆಸಿದರು. ಹಿರಿಯರು ಕ್ಷಮಿಸಲಿ, ಕದವನ್ನೇ ಹಾಕಿಸಿಬಿಡೋಣ.

ಬಡಗಿ ಬಂದು ಬಾಗಿಲಯ್ಯನ ಬೆರಳ ತುದಿಯಿಂದ ಬೆರಳ ತುದಿಗೆ ದಾರ ಹಿಡಿದು ಅಳತೆ ಮಾಡಿದ. ನೆತ್ತಿಯಿಂದ ಹಿಮ್ಮಡಿಗೆ ಅಳತೆ ಮಾಡಿದ. “ಎರಡು ಹಲಗೆ ಸಾಕು ಬುದ್ಧಿ. ಇವನಿಗಿಂತ ಗಟ್ಟಿ ಬರ್ತದೆ, ಊಟಾನೂ ಕೇಳಲ್ಲ” ಅಂದ. “ಅಗುಳಿ ಒಳಗೆ ಹಾಕ್ಲಾ, ಹೊರಗೆ ಹಾಕ್ಲಾ?”

ಆ ಪ್ರಶ್ನೆಗೆ ಬುದ್ಧಿವಂತರು ಇಡೀ ಹಗಲು ತೆಗೆದುಕೊಂಡರು. ಅಗುಳಿ ಹೊರಗಿದ್ದರೆ ಹೊರಗಿನವರೇ ತೆಗೆದು ಬಂದಾರು. ಒಳಗಿದ್ದರೆ ತೆಗೆಯಲು ಒಳಗೆ ಸದಾ ಒಬ್ಬ ಇರಬೇಕು, ಅವನು ಮೊದಲ ದಿನ ಒಳಗೆ ಹೋಗುವುದು ಹೇಗೆ? ಗುರುಗಳೂ ಹುಡುಗರೂ ಹೊರಗೆ ಬಂದು ಸೇರಿಕೊಂಡರು, ಎರಡು ಪಕ್ಷಗಳಾದವು, ಬಿಸಿಲು ಬಾಡಿದರೂ ವಾದ ಮುಗಿಯಲಿಲ್ಲ. ಬಡಗಿ ಉಳಿ ಬಾಚಿ ಕಟ್ಟಿಕೊಂಡು ಮನೆಗೆ ಹೋದ. ಗಂಟೆಯವನು ಸಂಜೆಯ ಗಂಟೆಯ ಹಗ್ಗಕ್ಕೆ ಕೈ ಹಾಕುವ ಹೊತ್ತು ಹತ್ತಿರ ಬಂತು. ಹುಡುಗಿಯ ಕಣ್ಣು ಆ ಹಗ್ಗದ ಮೇಲೆಯೇ ಇತ್ತು.

ಆಗ ಬಾಗಿಲು ಮಾತಾಡಿತು.

“ಗುರುಗಳೇ, ನನ್ನ ತಲೆ ಮೇಲೆ ಏನು ಬರೆದೈತೆ?”

ಎಲ್ಲರ ವಾದ ನಿಂತಿತು. ನಮ್ಮಜ್ಜ ಹೇಳುತ್ತಿದ್ದ, ಕಂಬವೇ ಕೆಮ್ಮಿದ್ದರೂ ಜನ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲವಂತೆ. ದೊಡ್ಡ ಗುರುಗಳು ತೊಲೆಯ ಕಡೆ ನೋಡಿದರು, ನೆಲದ ಕಡೆ ನೋಡಿದರು. “ಅದು ಹಳೆಯ ಲಿಪಿ ಕಣಪ್ಪ. ಇಂಥದ್ದೇ ಅಂತ ಹೇಳುವುದು ಕಷ್ಟ” ಅಂದರು. ಎರಡನೆಯ ಗುರುಗಳು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು, ಅದು ಅವರ ಮೂಗಿನ ಮೇಲೇ ಇತ್ತು. ಮೂರನೆಯವರು, ಅದಕ್ಕೆ ಮೂರು ಬಗೆಯ ಅರ್ಥ ಹೇಳುತ್ತಾರೆ, ಯಾವುದನ್ನು ಹೇಳಲಿ ಅಂದರು.

ಬಾಗಿಲಯ್ಯ ಹುಡುಗರ ಕಡೆ ನೋಡಿದ. ನಮ್ಮಜ್ಜ ಅಲ್ಲೇ ಮುಂದೆ ಇದ್ದ. ಆ ಸಾಲನ್ನು ಅವನು ದಿನಾ ಓದಿದ್ದ, ಐದೇ ಅಕ್ಷರ. ಬಾಯಿ ತೆರೆದ, ಮತ್ತೆ ಮುಚ್ಚಿದ. ಜೀವನದಲ್ಲಿ ಎಷ್ಟೋ ತಪ್ಪು ಮಾಡಿದೆ, ಆ ಮುಚ್ಚಿದ ಬಾಯಷ್ಟು ಯಾವುದೂ ಸುಟ್ಟಿಲ್ಲ ಅಂತ ಸಾಯುವವರೆಗೂ ಹೇಳುತ್ತಿದ್ದ. ನನಗೆ ಅವನ ಮೇಲೆ ಈಗಲೂ ಕೋಪವಿದೆ. ಅವನ ಮೇಲೆ ಪ್ರೀತಿಯೂ ಇದೆ, ಏನು ಮಾಡಲಿ.

ಕೊನೆಗೆ ಬಾಗಿಲಯ್ಯ ಎದುರಿಗಿದ್ದವಳನ್ನೇ ಕೇಳಿದ. “ನೀನೇ ಹೇಳವ್ವ.”

ಅವಳು ತಲೆ ಎತ್ತಿ, ಒಂದೊಂದೇ ಅಕ್ಷರ ಹಿಡಿದು, ಹಸಿ ಇಟ್ಟಿಗೆಯ ಮೇಲೆ ಗೀಚುವಷ್ಟು ನಿಧಾನವಾಗಿ ಓದಿದಳು. “ಎಲ್ಲರೂ ಬನ್ನಿ.”

“ಅಷ್ಟೇನಾ?”

“ಅಷ್ಟೇ ಅಯ್ಯ.”

“ನಮ್ಮ ಮನೆತನದ ಹೆಸರಿಲ್ವಾ?”

“ಅದೆ. ಎಲ್ಲರೂ ಅಂದ್ರೆ ನೀವೂ ಬಂದಿರಲ್ಲ.”

ಬಾಗಿಲಯ್ಯ ಗುರುಗಳ ಕಡೆ ತಿರುಗಿ ನೋಡಿದ. ಇದು ಸುಳ್ಳು ಅ‌ನ್ನಲು ಮೂವರಿಗೂ ಬಾಯಿ ಬರಲಿಲ್ಲ. ಆಗ ಅವನು ಎರಡು ತೋಳೂ ಇಳಿಸಿದ. ಊರಿನವರಿಗೆ ತಿರುಗುವ ಹಾಗೆ ಅಡ್ಡಕ್ಕೆ ತಿರುಗಲಿಲ್ಲ. ಪೂರ್ತಿ ತಿರುಗಿದ, ಜನಕ್ಕೆ ಬೆನ್ನು ಹಾಕಿ ಒಳಗೆ ಕಾಲಿಟ್ಟ. ಹುಡುಗಿ ಅವನ ಹಿಂದೆ, ಸಾಲಿನಲ್ಲಿ, ಹೊಸ್ತಿಲು ದಾಟಿದಳು. ಹತ್ತು ಹೆಜ್ಜೆ.

ದಫ್ತರದವರು ತಲೆ ಎತ್ತಲಿಲ್ಲ. “ಹೆಸರು?”

“ಬಾಗಿಲಯ್ಯ.”

“ಅದು ಹುದ್ದೆ. ಹೆಸರು ಕೇಳಿದೆ.”

ಅವನು ನಿಂತ. ಅವನಿಗೊಂದು ಹೆಸರಿತ್ತು, ಅಮ್ಮ ಕರೆಯುತ್ತಿದ್ದಳು. ಹೊಸ್ತಿಲು ಹತ್ತಿದ ಮೇಲೆ ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಹಣೆ ಉಜ್ಜಿಕೊಂಡ, ಚಾವಣಿ ನೋಡಿದ, ತುಟಿ ಅಲ್ಲಾಡಿಸಿದ. ಹೊರಗೆ ಗಂಟೆಯವನು ಹಗ್ಗ ಹಿಡಿದುಕೊಂಡದ್ದು ಕಿಟಕಿಯಿಂದ ಕಾಣುತ್ತಿತ್ತು. ಹಿಂದೆ ನಿಂತ ಹುಡುಗಿಯೂ ಅದನ್ನು ಕಂಡಳು, ಆದರೂ ‘ಬೇಗ ಹೇಳಿ’ ಅಂತ ಅವಳು ಅನ್ನಲಿಲ್ಲ. ಬೇಗ ಅನ್ನಿಸಿಕೊಂಡರೆ ಹೆಸರು ಇನ್ನೂ ದೂರ ಓಡುತ್ತದೆ ಅಂತ ಅವಳಿಗೆ ಗೊತ್ತಿತ್ತು.

“ನೀನು ಬರೆಸವ್ವ” ಅಂದು ಅವನು ಪಕ್ಕಕ್ಕೆ ಸರಿದ. “ಅಷ್ಟರಲ್ಲಿ ನಂದು ನೆನಪಾಯ್ತದೆ.”

ದಫ್ತರದವರು ಅವನಿಗೆ ಒಂದು ಸಾಲು ಖಾಲಿ ಬಿಟ್ಟು ಕೆಳಗಿನ ಸಾಲಿಗೆ ಲೇಖನಿ ಇಳಿಸಿದರು. “ಹೆಸರು?”

“ಸಿದ್ದಾಜಮ್ಮ.”

“ತಾಯಿ?”

“ಮಂಚವ್ವ. ಇಟ್ಟಿಗೆ ತಟ್ಟೋರು.”

ಅವರು ಬರೆದರು. ಮುಂದೆ ಚಾಚಿದ ಕೈಯನ್ನು ಒಂದು ಮೊಳದಿಂದ ನೋಡಿದರು. ಸುಣ್ಣ ತಿಂದ ಬೆರಳು, ಬಿರಿದ ಉಗುರು. ಅಭ್ಯಾಸಬಲದಿಂದ ಮಸಿಯ ಬಟ್ಟಲನ್ನು ಹೆಬ್ಬೆರಳಿನ ಕಡೆಗೆ ತಳ್ಳಿದರು. ಅವಳು ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಲೇಖನಿ ತೆಗೆದುಕೊಂಡಳು. ನಾಲ್ಕಕ್ಷರದ ಹೆಸರನ್ನು ನಾಲಿಗೆ ಕಚ್ಚಿಕೊಂಡು ಬರೆದಳು. ಕೊನೆಯ ಮಕ್ಕೆ ಒತ್ತು ಕೊಡುವಾಗ ಗಂಟೆ ಬಾರಿಸಿತು.

ಬಾಗಿಲಯ್ಯನ ಹೆಸರು ನೆನಪಾದದ್ದು ಎಷ್ಟೋ ದಿನಗಳ ಮೇಲೆ, ಊಟಕ್ಕೆ ಕೂತಾಗ. ಅನ್ನದ ಕೈಯಲ್ಲೇ ಓಡಿಬಂದು ಬರೆಸಿದನಂತೆ. ಮುದ್ದಯ್ಯ. ದಫ್ತರದ ಆ ಪುಟ ಈಗಲೂ ಇದೆ, ಅವನ ಹೆಸರು ಅವಳ ಹೆಸರಿನ ಮೇಲೆ ಖಾಲಿ ಬಿಟ್ಟಿದ್ದ ಸಾಲಿನಲ್ಲಿ, ಬೇರೆ ಮಸಿಯಲ್ಲಿ. ಅನುಮಾನ ಇದ್ದವರು ಹೋಗಿ ನೋಡಬಹುದು.

ನಾಲ್ಕನೆಯ ದಿನ ಪಾಠ ಶುರು. ಬೆಳಗಿನ ಗಂಟೆ ಬಾರಿಸಿತು. ಊರಿನ ಮಕ್ಕಳೆಲ್ಲ ಪುಸ್ತಕ ಹಿಡಿದು ಬಾಗಿಲಿಗೆ ಬಂದರು, ಬಂದವರು ನಿಂತರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ಯಾರಾದರೂ ಅಡ್ಡಕ್ಕೆ ತಿರುಗಿದ ಮೇಲೆಯೇ ಅವರು ಒಳಗೆ ಹೋದವರು. ಬರೀ ಗಾಳಿಯ ಒಳಗೆ ಹೇಗೆ ಹೋಗಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಬಾಗಿಲಯ್ಯ ಪಕ್ಕದ ಜಗಲಿಯ ಮೇಲೆ ಕೂತಿದ್ದ.

“ಅಯ್ಯ, ಒಂದ್ಸಲ ನಿಂತು ತಿರುಗಿ, ನಾವು ಹೋಗ್ತೀವಿ” ಅಂತ ಹುಡುಗರು ಗೋಗರೆದರು.

“ಕೂತಿದೀನಿ ಕಣ್ರಪ್ಪ” ಅಂದ ಅವನು. “ಚೆನ್ನಾಗದೆ.”

ಅವರು ಹಾಗೇ ನಿಂತಿದ್ದರು. ಒಳಗೆ ದೊಡ್ಡ ಗುರುಗಳು ಖಾಲಿ ಚಾಪೆಗಳನ್ನು ನೋಡಿದರು, ಮುಂದಿನ ಚಾಪೆಯಲ್ಲಿ ಒಬ್ಬಳೇ ಕೂತವಳನ್ನು ನೋಡಿದರು. ಅವಳು ಅವರ ಕಡೆಗೆ ಮುಖ ಮಾಡಿ ಕೂತಿದ್ದಳು. ಅವರು ಬಹಳ ಹೊತ್ತು ಕಾದರು, ಗಂಟಲು ಸರಿಮಾಡಿಕೊಂಡರು. ಆಮೇಲೆ “ಮೊದಲನೇ ಪುಟ ಓದಮ್ಮ” ಅಂದರು.

ಅವಳ ದನಿ ಹೊರಗೆ ಕೇಳಿಸಿತು. ತಮ್ಮನ್ನು ಬಿಟ್ಟು ಪಾಠ ಶುರುವಾಗಿದೆ ಅಂತ ನಮ್ಮಜ್ಜನಿಗೆ ಆಗ ಹೊಳೆಯಿತು. ಅವನಿಗೆ ಭಯವಾಯಿತು. ಕೈಯಲ್ಲಿದ್ದದ್ದು ಎಲ್ಲಿ ಬಿತ್ತೋ ಗೊತ್ತಿಲ್ಲ, ಎಲ್ಲರಿಗಿಂತ ಮೊದಲು ಓಡಿದ. ಒಳಗೆ ಹೋಗಿ ನೋಡಿದರೆ ಬಳಿಯಲ್ಲಿ ಪುಸ್ತಕ ಇಲ್ಲ. ಎಲ್ಲಿ ಕೂರಬೇಕೋ ತಿಳಿಯದೆ ನಡುವೆ ನಿಂತ. ಹಿಂದಿನ ಚಾಪೆಗಳೆಲ್ಲ ಖಾಲಿ ಇದ್ದವು. ಪುಸ್ತಕ ಇದ್ದದ್ದು ಒಂದೇ ಚಾಪೆಯಲ್ಲಿ.

ಅವಳು ಓದುತ್ತಲೇ ತುಸು ಆಚೆಗೆ ಸರಿದು ಕೂತಳು. ಅಷ್ಟು ಜಾಗದಲ್ಲಿ ಒಬ್ಬ ಕೂರಬಹುದಿತ್ತು. ನಮ್ಮಜ್ಜ ಮತ್ತೂ ಒಂದು ಗಳಿಗೆ ನಿಂತಿದ್ದ. ಆಮೇಲೆ ಕೂತ. ಅವಳು ಪುಸ್ತಕವನ್ನು ಇಬ್ಬರ ನಡುವೆ ಇಟ್ಟಳು. ದಾರ ಹಾಕಿ ಹೊಲಿದ ಪುಸ್ತಕ, ಅರ್ಧದಷ್ಟು ಅವಳಿಗೆ ಬಾಯಿಪಾಠ. ಪುಟದ ಕೊನೆಗೆ ಬೆರಳಿಟ್ಟು “ಆಯ್ತಾ?” ಅಂತ ಕೇಳುತ್ತಿದ್ದಳಂತೆ. “ಸ್ವಲ್ಪ ತಡಿ” ಅನ್ನುತ್ತಿದ್ದನಂತೆ ನಮ್ಮಜ್ಜ, ಪ್ರತಿ ಪುಟಕ್ಕೂ. ಅವಳು ಪುಟ ಮಗುಚದೆ ಕಾಯುತ್ತಿದ್ದಳಂತೆ.